ಬಿಟ್ಟು ಓದಿದ ಸಾಲು

ನೌಪಾಡಾ, ಠಾಣೆ
೧೮ ಜನವರಿ ೨೦೨೫

ಮುದ್ದಿನ ಪ್ರಿಯಂವದಾಗೆ, ನಿನ್ನ ಹಳೆಯ ಗೆಳತಿಯ ನೆನಪುಗಳು.

ಲಕೋಟೆಯ ಮೇಲೆ ಬೇಕೆಂದೇ ನನ್ನ ಹೆಸರು ಬರೆದಿಲ್ಲ. ಬರೆದಿದ್ದರೆ ನೀನು ಒಡೆಯದೆಯೇ ಹಾಸ್ಟೆಲಿನ ಕಸದ ಬುಟ್ಟಿಗೆ ಹಾಕುತ್ತಿದ್ದೆ. ಅದು ನ್ಯಾಯವೂ ಹೌದು. ಫೋನಿನಲ್ಲಿ ನೀನು ನನ್ನನ್ನು ಬ್ಲಾಕ್ ಮಾಡಿ ಒಂದೂವರೆ ವರ್ಷವಾಯಿತು. ಆದರೂ ಇದನ್ನು ಕೊನೆತನಕ ಓದು. ನನಗಾಗಿ ಅಲ್ಲ, ನಿನ್ನ ತಂಗಿ ದಿಶಾಳಿಗಾಗಿ. ಅವಳು ಈಗ ಕೌಶಲ್‌ನ ಕೈಗೆ ಸಿಕ್ಕಿದ್ದಾಳೆ.

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಅದಿಲ್ಲದೆ ನೀನು ನನ್ನ ಒಂದು ಮಾತನ್ನೂ ನಂಬಲಾರೆ. ನೀನು ಅವನಿಗೆ ಬರೆದ ನಾಲ್ಕು ಪುಟದ ಕನ್ನಡ ಪತ್ರ ನೆನಪಿದೆಯಲ್ಲ? ಅದನ್ನು ಹಿಡಿದುಕೊಂಡು ಅವನು ನಮ್ಮ ಹೋಟೆಲಿಗೆ ಬಂದ. ಗಲ್ಲಾದಲ್ಲಿದ್ದ ಅಪ್ಪನಿಗೆ ನಮಸ್ಕಾರ ಮಾಡಿ, ಅವರ ಮೊಣಕಾಲು ನೋವು ವಿಚಾರಿಸಿ, ಮೂಲೆಯ ಮೇಜಿನಲ್ಲಿ ನನ್ನೆದುರು ಕುಳಿತ. “ನಂಗೆ ಓದ್ಲಿಕ್ಕೆ ಬರುದಿಲ್ಲ ಮಾರಾಯ್ತಿ, ಮರಾಠಿ ಮೀಡಿಯಂ ಅಲ್ವಾ. ನೀನೇ ಓದಿ ಹೇಳು. ನಿನ್ನನ್ನು ಬಿಟ್ರೆ ನಾನು ಯಾರನ್ನು ನಂಬುದು?” ಎಂದ. ಇಲ್ಲೇ ಹುಟ್ಟಿದ ನಮ್ಮ ಹುಡುಗರಿಗೆ ಕನ್ನಡ ಕಿವಿಗೆ ತಿಳಿಯುತ್ತದೆ, ಕಣ್ಣಿಗೆ ಬರೀ ಜಿಲೇಬಿ. ಕನ್ನಡ ಸಂಘದ ಭಾನುವಾರದ ತರಗತಿಗೆ ಹೋಗಿ ಅಕ್ಷರ ಕಲಿತವರು ನಾವಿಬ್ಬರೇ. ಹಾಗಾಗಿ ನನಗೆ ಅನುಮಾನವೇ ಬರಲಿಲ್ಲ.

ಓದಿದೆ. ತರಗತಿಯ ಮನೀಶನ ಜೊತೆ ಒಂದು ಮಾತಾಡಿದ್ದಕ್ಕೆ ಅವನು ಮೂರು ದಿನ ಮುನಿಸಿಕೊಂಡದ್ದು, ಆಮೇಲೆ ಎಲ್ಲರೆದುರು ಹೂ ಕೊಟ್ಟು ನಿನ್ನಿಂದಲೇ ಕ್ಷಮೆ ಕೇಳಿಸಿಕೊಂಡದ್ದು, ಎಲ್ಲ ಓದಿದೆ. ಮೂರನೆಯ ಪುಟದಲ್ಲಿ ನನ್ನ ಹೆಸರಿತ್ತು. ‘ಸುಮೇಧಾಳನ್ನಾದರೂ ಬಿಟ್ಟುಬಿಡು, ಅವಳು ಹೊಗಳಿಕೆಗೆ ಬೇಗ ಕರಗುತ್ತಾಳೆ’ ಎಂದು ನೀನು ಬರೆದಿದ್ದೆ. ಆ ಸಾಲನ್ನು ನಾನು ಓದಲಿಲ್ಲ. ತಡವರಿಸದೆ ಮುಂದಿನ ಸಾಲಿಗೆ ಹಾರಿದೆ. ಅವನು ಒಮ್ಮೆ ಕಾಗದ ನೋಡಿದ, ಒಮ್ಮೆ ನನ್ನ ಮುಖ ನೋಡಿದ, ನಕ್ಕ. ಅದನ್ನು ನಾನು ಪ್ರೀತಿ ಅಂದುಕೊಂಡೆ.

ಆಮೇಲಿನದು ನಿನಗೆ ಗೊತ್ತು. ಡೊಂಬಿವಲಿಯ ನಿಮ್ಮ ಮನೆಗೆ ಬಂದು, ನೀನೇ ಅವನ ಬೆನ್ನು ಬಿದ್ದಿದ್ದೀಯೆಂದು ನಿನ್ನಮ್ಮ ಶ್ರೀಮತಿ ಆಂಟಿಗೆ ಹೇಳಿದವಳು ನಾನು. ಸುಳ್ಳು ಹೇಳೆಂದು ಅವನು ಒಮ್ಮೆಯೂ ಹೇಳಿಲ್ಲ. ನಿನಗೆ ಸಹಾಯ ಬೇಕಾಗಿದೆ, ಮನೆಯವರಿಗೆ ತಿಳಿಸುವುದು ಗೆಳತಿಯ ಕರ್ತವ್ಯ ಎಂದಷ್ಟೇ ಹೇಳಿದ. ನಿನ್ನಮ್ಮ ಆ ದಿನ ನನಗೆ ನೀರುದೋಸೆ ಬಡಿಸಿ, ಒಳಗೆ ಹೋಗಿ ಅತ್ತರು. ವಾರದೊಳಗೆ ನಿನ್ನನ್ನು ಕಾಲೇಜು ಬಿಡಿಸಿ ನೆರೂಳಿನ ಹಾಸ್ಟೆಲಿಗೆ ಕಳಿಸಿದರು. ನಾನು ಅವನ ಪಕ್ಕದ ಬೆಂಚಿಗೆ ಬಂದೆ.

ಕಳೆದ ಚೌತಿಗೆ ಕಲ್ಯಾಣದ ಅವನ ಮನೆಗೆ ಹೋಗಿದ್ದೆ. ಅವನ ಅಮ್ಮ ರತ್ನಾವತಿ ಕೈಗೆ ಪಂಚಕಜ್ಜಾಯ ಹಾಕುತ್ತಾ, “ನಮ್ಮ ಕೌಶಲ್ ಏಳನೇ ವರ್ಷದಿಂದ ಸತ್ಯನಾರಾಯಣ ಕತೆ ಓದ್ತಾನೆ, ಒಂದಕ್ಷರ ತಪ್ಪುದಿಲ್ಲ” ಎಂದು ಹೆಮ್ಮೆಪಟ್ಟರು. ಪುಸ್ತಕ ಕನ್ನಡದ್ದು. ಪ್ರಸಾದವನ್ನು ಹಾಗೇ ಕಾಗದದಲ್ಲಿ ಕಟ್ಟಿಟ್ಟೆ, ಪ್ರಿಯಾ. ಅಂದರೆ ನಿನ್ನ ಪತ್ರವನ್ನು ಅವನು ಮೊದಲೇ ಓದಿದ್ದ. ನಾನು ಯಾವ ಸಾಲನ್ನು ಬಿಡುತ್ತೇನೆಂದು ನೋಡಲು ಬಂದಿದ್ದ. ಕೇಳಿದ್ದಕ್ಕೆ, “ಓದ್ಲಿಕ್ಕೆ ಬರ್ತದೆ ಅಂದಿದ್ರೆ ನಿನ್ನ ಸ್ವರ ಕೇಳ್ಲಿಕ್ಕೆ ಸಿಗ್ತಿತ್ತಾ?” ಎಂದು ನಕ್ಕ. ಕತ್ತೆ ನಾನು, ಆ ಮಾತಿಗೂ ಖುಷಿಪಟ್ಟೆ.

ಡಿಸೆಂಬರಿನಲ್ಲಿ ಅವನು ನನ್ನ ಫೋನು ಎತ್ತುವುದನ್ನು ನಿಲ್ಲಿಸಿದ. ನಮ್ಮ ಕಾಲೇಜಿಗೆ ಮೊದಲ ವರ್ಷಕ್ಕೆ ಸೇರಿದ ದಿಶಾಳ ಜೊತೆ ಕ್ಯಾಂಟೀನಿನಲ್ಲಿ ಕಾಣಿಸತೊಡಗಿದ. ನಾನೂ ಅವನಿಗೆ ಪತ್ರ ಬರೆದೆ, ಕನ್ನಡದಲ್ಲೇ.

ಮೊನ್ನೆ ಗುರುವಾರ ಡೊಂಬಿವಲಿ ಸ್ಟೇಷನ್ನಿನ ಬೆಂಚಿನಲ್ಲಿ ದಿಶಾ ಆ ಪತ್ರವನ್ನು ಅವನಿಗೆ ಓದಿ ಹೇಳುತ್ತಿದ್ದಳು. ನಾನು ಚಹಾದ ಸ್ಟಾಲಿನ ಮರೆಯಲ್ಲಿದ್ದೆ. ಅವಳಿಗೆ ಅಕ್ಷರ ಕಲಿಸಿದವಳು ನೀನೇ, ಚೆನ್ನಾಗಿ ಓದುತ್ತಾಳೆ. ‘ದಿಶಾಳನ್ನು ಬಿಡು, ಆ ಮನೆಗೆ ಇನ್ನೊಂದು ಏಟು ಬೇಡ’ ಎಂಬ ಸಾಲು ಬರಬೇಕಿತ್ತು. ಅವಳು ಒಂದು ಉಸಿರು ನಿಂತಳು. ನಂತರ ಮುಂದಿನ ಸಾಲು ಓದಿದಳು. ಅವನು ಅವಳ ಮುಖ ನೋಡಿ ನಕ್ಕ.

ನಾನು ಹೇಳಿದರೆ ಅವಳು ಕೇಳುವುದಿಲ್ಲ. ನನಗೆ ಅಂದು ನೀನು ಹೇಗೆ ಹೊಟ್ಟೆಕಿಚ್ಚಿನವಳಾಗಿ ಕಂಡೆಯೋ, ಅವಳಿಗೆ ಇಂದು ನಾನು ಹಾಗೆ. ಅಕ್ಕನ ಮಾತನ್ನಾದರೂ ಕೇಳಿಯಾಳು. ಬರುವ ಇಪ್ಪತ್ತಾರರ ಭಾನುವಾರ ನೀನು ಮನೆಗೆ ಬಾ. ನಾನೂ ಬರುತ್ತೇನೆ. ನಿನ್ನಮ್ಮ ಮತ್ತು ದಿಶಾಳ ಎದುರು ನಿಂತು, ಅಂದು ಹೇಳಿದ್ದೆಲ್ಲ ಸುಳ್ಳು ಎನ್ನುತ್ತೇನೆ. ಅವರು ಕೆನ್ನೆಗೆ ಬಾರಿಸಿದರೂ ಸರಿ.

ಕ್ಷಮೆ ಕೇಳುವ ಮುಖವಿಲ್ಲದ,
ಸುಮೇಧಾ

ತಾ.ಕ.: ಕಾಗದ ಮಡಚುವಾಗ ಅವನ ಫೋನು ಬಂತು. ಎತ್ತಿದೆ. ತಿಂಗಳಾದ ಮೇಲೆ ‘ಸುಮಿ’ ಎಂದ, ಅತ್ತ. ಇಪ್ಪತ್ತಾರಕ್ಕೆ ಅವನ ಜೊತೆ ವಾಶಿಗೆ ಬರುತ್ತೇನೆಂದು ಒಪ್ಪಿಕೊಂಡುಬಿಟ್ಟಿದ್ದೇನೆ, ಪ್ರಿಯಾ. ಫೋನಿಟ್ಟ ಮೇಲೆಯೂ ಬೇಡ ಅನ್ನಲು ಮನಸ್ಸಾಗುತ್ತಿಲ್ಲ. ನಾನೇ ಹರಿದು ಹಾಕುವ ಮೊದಲು ಇದನ್ನು ಅಂಚೆ ಡಬ್ಬಿಗೆ ಹಾಕಿ ಬರುತ್ತೇನೆ. ನೀನು ಭಾನುವಾರದವರೆಗೆ ಕಾಯಬೇಡ, ಪತ್ರ ಸಿಕ್ಕಿದ ದಿನವೇ ದಿಶಾಳ ಬಳಿಗೆ ಹೋಗು. ನಾಳೆ ನಾನೇ ಬಂದು ಇದೆಲ್ಲ ಕಟ್ಟುಕಥೆ ಎಂದರೂ ನಂಬಬೇಡ.