ಅಪ್ಪನ ಗಿಡಗಳ ಕೋಣೆ

ಫೆಬ್ರವರಿ ೧೮, ಭಾನುವಾರ

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ ಎಂದು ಬರೆಯಲು ಹೋಗಿ ಪೆನ್ನು ನಿಂತುಬಿಟ್ಟಿತು. ಕ್ಷೇಮವೇ, ಯಾರಿಗೂ ಏನೂ ಆಗಿಲ್ಲ, ಗಾಬರಿಯಾಗಬೇಡ. ನಿನ್ನ ಕಾಗದಕ್ಕೆ ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಆಸ್ಪತ್ರೆಯಲ್ಲಿ ರಜೆ ಹಾಕಿದ ನರ್ಸುಗಳ ಪಾಳಿಯೆಲ್ಲ ನನ್ನ ತಲೆಗೇ ಕಟ್ಟಿದ್ದರು. ಅದು ಅರ್ಧ ಕಾರಣ. ಉಳಿದರ್ಧ ಹೇಳುತ್ತೇನೆ, ಕೂತುಕೊಂಡು ಓದು.

ಮೊದಲು ನೀನು ಕೇಳಿದ ಮಾತು. ಮನೆಯೊಳಗಿಟ್ಟ ಮೆಣಸಿನಕಾಯಿ ಗಿಡ ಹಳದಿಯಾಗಿ ಜೋಲುತ್ತಿದೆ, ಕೊಕೊಪೀಟಿಗೆ ದಿನಕ್ಕೆಷ್ಟು ಸಲ ನೀರು ಹಾಕಬೇಕು ಅಂದಿದ್ದೆಯಲ್ಲ. ಅಪ್ಪನಿಗೆ ಓದಿ ಹೇಳಿದೆ. "ಅಷ್ಟು ಪುಟ್ಟ ಗಿಡಾನ ಬಕೆಟ್ಟಲ್ಲಿ ಯಾಕೆ ನೆಟ್ಟ ಅಂತ ಕೇಳು" ಅಂದರು. ಸಸಿಗೆ ಅಂಗೈಯಗಲದ ಕುಂಡ ಸಾಕಂತೆ. ದೊಡ್ಡ ಕುಂಡದಲ್ಲಿ ಬೇರು ಒಂದು ಮೂಲೆಯಲ್ಲಿರುತ್ತದೆ, ಸುತ್ತಲಿನ ಕೊಕೊಪೀಟು, ಅದೇ ಆ ತೆಂಗಿನ ನಾರಿನ ಪುಡಿಯೆಲ್ಲ ನೀರು ಹಿಡಿದುಕೊಂಡು ತಣ್ಣಗೆ ಕೂತಿರುತ್ತದೆ, ಬೇರಿಗೆ ಉಸಿರು ಸಿಗುವುದಿಲ್ಲ. ಬೇರು ಕುಂಡವೆಲ್ಲ ತುಂಬಿದ ಮೇಲೆ ಇನ್ನೊಂದು ಅಳತೆ ದೊಡ್ಡದಕ್ಕೆ ಬದಲಾಯಿಸು. ನೀರನ್ನು ಗಡಿಯಾರ ನೋಡಿ ಹಾಕಬೇಡ. ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ಒದ್ದೆಯಿರುತ್ತದೆ, ಕುಂಡ ಎತ್ತಿ ನೋಡು. ಹಗುರವಾಗಿದ್ದರೆ ಕೆಳಗಿನ ತೂತಿನಿಂದ ಸ್ವಲ್ಪ ಹೊರಬರುವಷ್ಟು ಹಾಕು, ಭಾರವಿದ್ದರೆ ಬಿಟ್ಟುಬಿಡು. ಪೂರ್ತಿ ಒಣಗುವುದಕ್ಕೂ ಬಿಡಬೇಡ. ದೊಡ್ಡ ಗಿಡ ಚಿಕ್ಕ ಕುಂಡದಲ್ಲಿದ್ದರೆ ದಿನಕ್ಕೆ ಎರಡು ಮೂರು ಸಲ ಕೇಳುತ್ತದೆ, ದೊಡ್ಡ ಕುಂಡದಲ್ಲಿದ್ದರೆ ಎರಡು ದಿನವೂ ತಡೆಯುತ್ತದೆ. ಆ ಪುಡಿಯಲ್ಲಿ ಸತ್ವ ಇಲ್ಲ, ಗೊಬ್ಬರವನ್ನು ನೀರಿನಲ್ಲೇ ತೆಳುವಾಗಿ ಬೆರೆಸು.

ಇದನ್ನೆಲ್ಲ ಅಪ್ಪನಿಗೆ ಕಲಿಸಿದ್ದು ಸೇತುವೆ ಪಕ್ಕದ ನರ್ಸರಿ ನಡೆಸುವ ಹೆಂಗಸು. ಅವರ ಗಂಡ ತೀರಿಕೊಂಡು ಬಹಳ ವರ್ಷವಾಗಿದೆ, ಮಕ್ಕಳಿಲ್ಲ. ಗೂಡ್ಸ್ ರೈಲು ಓಡಿಸಿ ಓಡಿಸಿ, ನಿವೃತ್ತರಾದ ಮೇಲೆ ಮನೆಯಲ್ಲಿ ಕೂರಲಾಗದ ಅಪ್ಪನಿಗೆ ಅಷ್ಟಾದರೂ ಹುಚ್ಚು ಇರಲಿ ಅಂತ ನಾನೇ ಹಿಂದಿನ ಕೋಣೆ ಬಿಟ್ಟುಕೊಟ್ಟಿದ್ದೆ. ಕಿಟಕಿಯಿಲ್ಲದ ಆ ಕೋಣೆಯಲ್ಲಿ ದೀಪ ಕಟ್ಟಿ ಟೊಮೇಟೊ, ಮೆಣಸಿನಕಾಯಿ ಬೆಳೆದು ನಿಮ್ಮ ಭಾವನಿಗೆ ತೋರಿಸಿ ಬೀಗುತ್ತಿದ್ದರು. ಬೆಳಿಗ್ಗೆ "ಕೊಕೊಪೀಟ್ ತರ್ತೀನಿ" ಅಂತ ಹೋದವರು ಮಧ್ಯಾಹ್ನಕ್ಕೆ ಬರುತ್ತಿದ್ದರು. ಬಿಪಿ ಮಾತ್ರೆ ತಪ್ಪುತ್ತದೆ ಅಂತ ನಾನು ಗೊಣಗುವುದು, ಅವರು ನಗುವುದು, ಇಷ್ಟೇ ನಡೆಯುತ್ತಿತ್ತು.

ಕಳೆದ ತಿಂಗಳು ಅವರಿಲ್ಲದಾಗ ಒಂದು ಕೆಲಸ ಮಾಡಿದೆ. ದಿನಾ ಬಗ್ಗಿ ಬಗ್ಗಿ ನೀರು ಹಾಕುವ ಕಷ್ಟ ತಪ್ಪಲಿ ಅಂತ ಸಸಿಗಳನ್ನೆಲ್ಲ ದೊಡ್ಡ ಟಬ್ಬುಗಳಿಗೆ ಬದಲಾಯಿಸಿ ಕೊಡಗಟ್ಟಲೆ ನೀರು ಸುರಿದೆ. ವಾರದೊಳಗೆ ಎಲ್ಲ ತಲೆ ಬಾಗಿಸಿದವು. ಅಪ್ಪ ಬೈಯಲಿಲ್ಲ. ಆ ಹೆಂಗಸನ್ನು ಮನೆಗೇ ಕರೆದುಕೊಂಡು ಬಂದರು. ಇಬ್ಬರೂ ನೆಲದ ಮೇಲೆ ಕೂತು ಒಂದೊಂದೇ ಸಸಿ ಬಿಡಿಸಿ ಚಿಕ್ಕ ಕುಂಡಕ್ಕೆ ಹಾಕಿದರು. ಮಾತಿಲ್ಲ ಕತೆಯಿಲ್ಲ, ಒಬ್ಬರು ಕೈ ಚಾಚುವ ಮೊದಲೇ ಇನ್ನೊಬ್ಬರು ಕುಂಡ ಕೊಡುತ್ತಿದ್ದರು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನಗೆ ಆಗಲಾದರೂ ಹೊಳೆಯಬೇಕಿತ್ತು. ಮಾರುವವರಿಗೆ ಗಿರಾಕಿ ಮೇಲೆ ಅಕ್ಕರೆ ಇರುತ್ತದೆ ಅಂದುಕೊಂಡೆ.

ಈಗ ಕೇಳು. ಗುರುವಾರ ನನಗೆ ರಜೆ. ಬಟ್ಟೆ ಒಗೆದು ಹಿಂಡುತ್ತಿದ್ದೆ. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಒಳಗೆ ಬಂದರು. ಹಿಂದೆ ಆ ಹೆಂಗಸು.

"ಬೆಳಿಗ್ಗೆ ಮದುವೆ ಇತ್ತು ಮಗಳೇ" ಅಂದರು ಅಪ್ಪ.

"ಯಾರದಪ್ಪಾ? ಊಟ ಆಯ್ತಾ?" ಅಂದೆ.

"ನಮ್ಮದೇ. ರಿಜಿಸ್ಟ್ರಾರ್ ಆಫೀಸಲ್ಲಿ."

ನಾನು ಬಟ್ಟೆ ಹಿಂಡುತ್ತಲೇ ಇದ್ದೆ. ನೀರೆಲ್ಲ ಹೋಗಿದೆ, ಆದರೂ ಹಿಂಡುತ್ತಲೇ ಇದ್ದೇನೆ. ಕಿವಿಗೆ ಬಿದ್ದದ್ದು ತಲೆಗೆ ಇಳಿಯಲಿಲ್ಲ. ರೋಗಿಗಳ ಮನೆಯವರಿಗೆ ಕೆಟ್ಟ ಸುದ್ದಿ ಹೇಳುವಾಗ ಅವರು ಹೀಗೆ ಕಣ್ಣು ಬಿಟ್ಟುಕೊಂಡು ನಿಲ್ಲುವುದನ್ನು ಎಷ್ಟು ಸಲ ನೋಡಿದ್ದೇನೆ. ಇದೇನು ಕೆಟ್ಟ ಸುದ್ದಿಯೂ ಅಲ್ಲವಲ್ಲ, ಆದರೂ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟೆ. ಬಾಯಿಂದ ಬಂದದ್ದೇನು ಗೊತ್ತೇ? "ಟೀ ಮಾಡ್ಲಾ?"

"ಮಾಡು, ಸಕ್ಕರೆ ಕಮ್ಮಿ" ಅಂದರು ಅಪ್ಪ, ಏನೂ ಆಗಿಲ್ಲದವರ ಹಾಗೆ.

ಆ ಹೆಂಗಸು ನನ್ನ ಹಿಂದೆಯೇ ಅಡುಗೆಮನೆಗೆ ಬಂದು, "ನಿಮ್ಮನ್ನ ಕೇಳಿಯೇ ಮಾಡೋಣ ಅಂದೆ. ಇವರು ಒಪ್ಪಲಿಲ್ಲ" ಅಂದರು. ನಾನು ತಿರುಗಿ ನೋಡಲಿಲ್ಲ. ಅವರ ಕಪ್ಪಿಗೆ ಸಕ್ಕರೆ ಎಷ್ಟು ಅಂತಲೂ ಕೇಳಲಿಲ್ಲ.

ಸಂಜೆ ಅಪ್ಪ ಒಬ್ಬರೇ ಸಿಕ್ಕಾಗ, "ನನಗೆ ಒಂದು ಮಾತು ಹೇಳಬಾರದಿತ್ತಾ?" ಅಂದೆ.

"ಹೇಳಿದ್ರೆ ನೀನು ಮೊದಲು ನನ್ನ ಬಿಪಿ ನೋಡ್ತಿದ್ದೆ" ಅಂದರು. ನಕ್ಕರು. ನನಗೆ ನಗು ಬರಲಿಲ್ಲ, ಯಾಕೆಂದರೆ ನಿಜವಾಗಿಯೂ ನೋಡುತ್ತಿದ್ದೆ. ಆಮೇಲೆ ಮೆಲ್ಲಗೆ, "ನಿಮ್ಮಮ್ಮನ ಜಾಗಕ್ಕೆ ಯಾರನ್ನೂ ತಂದಿಲ್ಲ ಮಗಳೇ. ನನಗೆ ದಿನಾ ಮಾತಾಡೋಕೆ ಒಬ್ಬರು ಬೇಕಿತ್ತು" ಅಂದರು. ಈ ಮನೆಯಲ್ಲಿ ಇಷ್ಟು ಜನ ಇದ್ದೆವಲ್ಲ ಎಂದು ಬಾಯಿಗೆ ಬಂತು, ನುಂಗಿಕೊಂಡೆ.

ನಿಮ್ಮ ಭಾವ ಮೊದಲು ಅಪ್ಪನ ಕೈ ಕುಲುಕಿ, ಆಮೇಲೆ ನನ್ನ ಮುಖ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡರು. ನಿನ್ನೆ ಅಪ್ಪ ಕುಂಡಗಳನ್ನೆಲ್ಲ ಗಾಡಿಗೆ ಏರಿಸಿದರು. ನರ್ಸರಿಯ ಹಿಂಭಾಗದ ಮನೆಯಲ್ಲೇ ಇನ್ನು ಅವರಿಬ್ಬರ ವಾಸ. ಬಿಪಿ ಮಾತ್ರೆಯ ಡಬ್ಬಿಯನ್ನು ನಾನು ಅವರ ಕೈಗೇ ಕೊಟ್ಟೆ, ಆ ಹೆಂಗಸಿನ ಕೈಗೆ. ಯಾವುದು ಯಾವಾಗ ಅಂತ ಹೇಳಿದೆ. ಅವರು ಗಮನವಿಟ್ಟು ಕೇಳಿ, "ಆಗಾಗ ಬಂದು ನೀವೇ ನೋಡಿ ಹೋಗಬೇಕು" ಅಂದರು. ಒಳ್ಳೆಯವರೇ ಇರಬೇಕು ಕಣೋ. ಅದನ್ನು ಒಪ್ಪಿಕೊಳ್ಳುವುದಕ್ಕೇ ನನಗೆ ಕಷ್ಟವಾಗುತ್ತಿದೆ.

ಇಷ್ಟು ದೊಡ್ಡ ಸುದ್ದಿಯನ್ನು ನಿನಗೆ ಹೇಗೆ ಹೇಳಲಿ ಅಂತ ಮೂರು ದಿನ ಒದ್ದಾಡಿದ್ದೇನೆ. ನಿನಗೂ ಎದೆ ಧಸಕ್ಕೆಂದಿರಬಹುದು. ಅಪ್ಪನ ಮೇಲೆ ಸಿಟ್ಟು ಮಾಡಿಕೊಳ್ಳಬೇಡ, ಒಂದು ಸಲ ಬಂದು ಇಬ್ಬರನ್ನೂ ನೋಡಿಕೊಂಡು ಹೋಗು. ನಿನ್ನ ಹೆಂಡತಿಗೂ ನನ್ನ ಚಿನ್ನದಂಥ ಪುಟ್ಟ ಸೊಸೆಗೂ ಆಶೀರ್ವಾದಗಳು. ಮಗುವಿನ ಕೆಮ್ಮು ವಾಸಿಯಾಯಿತೇ? ನೂರು ಕಾಲ ನಗುನಗುತ್ತಾ ಬಾಳಿ.

ನಿನ್ನ
ಅಕ್ಕ

ಮರೆತ ಮಾತು: ಸೋಮವಾರ ಬೆಳಿಗ್ಗೆ ಬರೆಯುತ್ತಿದ್ದೇನೆ. ಬಿಟ್ಟುಹೋದ ದೀಪದ ವೈರು ತೆಗೆದುಕೊಳ್ಳಲು ಈಗ ಅಪ್ಪ ಬಂದಿದ್ದರು. ನಿನಗೆ ಕಾಗದ ಬರೆದು ಮುಗಿಸಿದೆ ಅಂದೆ. ವೈರು ಸುತ್ತುತ್ತಲೇ, "ಅವನಿಗೆ ಗೊತ್ತು" ಅಂದರು. ಗುರುವಾರ ರಿಜಿಸ್ಟ್ರಾರ್ ಆಫೀಸಲ್ಲಿ ಅವರ ಮದುವೆಗೆ ಸಾಕ್ಷಿ ಹಾಕಿದ್ದು ನೀನೇ ಅಂತೆ. ಬೆಳಗಿನ ರೈಲಿಗೆ ಬಂದು, ರುಜು ಹಾಕಿ, ಮಧ್ಯಾಹ್ನದ ರೈಲಿಗೆ ಹೊರಟೆಯಂತೆ. ಅಕ್ಕನಿಗೆ ಮೊದಲೇ ತಿಳಿಸುವುದು ಬೇಡ ಅಂದದ್ದೂ ನೀನೇ ಅಂತೆ. ಆ ಆಫೀಸಿನಿಂದ ನಮ್ಮ ಮನೆಗೆ ನಡೆದೇ ಬರಬಹುದು. ನಿನ್ನ ಮುಖ ನೋಡಿ ವರ್ಷಗಳಾದವು. ಬಂದಿದ್ದರೆ ನಾನು ಏನೂ ಕೇಳುತ್ತಿರಲಿಲ್ಲ. ಇಲ್ಲ, ಕೇಳುತ್ತಿದ್ದೆ. ಆದರೂ ನೀನು ಬರಬೇಕಿತ್ತು.