ಮರ್ಲ್ ಪೆಲ್ಕಿ ಮಾಡಿದ ತಪ್ಪು

ಟಾರ್ಬೆಲ್, ನ್ಯೂ ಹ್ಯಾಂಪ್‌ಶೈರ್
ಮಾರ್ಚ್ ೨೩, ೨೦೧೯

ಪ್ರೀತಿಯ ಕ್ಲಾರಿಸ್,

ನೀನು ಕ್ರಿಸ್‌ಮಸ್‌ಗೆ ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಹಿಮ ಕರಗಿ ರಸ್ತೆಯೆಲ್ಲ ಕೆಸರಾಗುವ ತನಕ ನಾಲ್ಕು ಸಾಲು ಬರೆಯದ ಅಕ್ಕನ ಮೇಲೆ ನಿನಗೆ ಸಿಟ್ಟು ಬಂದಿದ್ದರೆ ಅದು ನ್ಯಾಯವೇ. ನೀನು ಫೋನ್ ಮಾಡಿದಾಗಲೆಲ್ಲ ಆಲ್ಡೆನ್ ಎತ್ತಿಕೊಂಡು 'ಮಲಗಿದ್ದಾಳೆ' ಎಂದನಂತೆ. ನನ್ನ ಗಂಡ ಸುಳ್ಳು ಹೇಳುವವನಲ್ಲ ಎಂದು ನಿನಗೆ ಗೊತ್ತು. ನಾನು ಮಲಗಿಯೇ ಇದ್ದೆ.

ನೀನು ಕಳಿಸಿದ ಸ್ವೆಟರ್ ಹಾಕಿಕೊಂಡೇ ಕೂತಿದ್ದೇನೆ. ಭುಜದ ಹತ್ತಿರ ಜೋಲುತ್ತದೆ, ಅದು ನಿನ್ನ ಹೆಣಿಗೆಯ ತಪ್ಪಲ್ಲ. ನಿನ್ನ ಮಗ ಡೀನ್‌ಗೆ ರೈಲ್ವೆಯಲ್ಲಿ ಕೆಲಸ ಸಿಕ್ಕಿದ್ದು ಕೇಳಿ ಸಂತೋಷವಾಯಿತು. ಸಂತೋಷವಾಯಿತು ಎಂದು ಬರೆಯುತ್ತಿದ್ದೇನೆ, ಆಗಬೇಕಾದಷ್ಟು ಆಗಲಿಲ್ಲ. ಈಚೆಗೆ ಎಲ್ಲವೂ ಹಾಗೆಯೇ, ಚಳಿಯಲ್ಲಿ ಕೈಗವಸು ಹಾಕಿಕೊಂಡು ಏನನ್ನೋ ಮುಟ್ಟಿದ ಹಾಗೆ.

ಸುತ್ತಿಬಳಸಿ ಹೇಳಲು ನನಗೆ ಬರುವುದಿಲ್ಲ. ಫೆಬ್ರವರಿಯಲ್ಲಿ ನಾನು ಡಯಾಲಿಸಿಸ್ ನಿಲ್ಲಿಸಿದ್ದೆ. ಸಾಯುತ್ತೇನೆ ಎಂದು ತಿಳಿದೇ ನಿಲ್ಲಿಸಿದ್ದೆ. ಈಗ ಮತ್ತೆ ಹೋಗುತ್ತಿದ್ದೇನೆ, ಬದುಕಿದ್ದೇನೆ. ಗಾಬರಿಯಾಗಬೇಡ, ಪೂರ್ತಿ ಓದು. ನಿನಗೆ ತಿಳಿಸುವುದೋ ಬೇಡವೋ ಎಂದು ಆಲ್ಡೆನ್ ನನ್ನನ್ನು ಕೇಳಿದ್ದ. ನಾನು ಬೇಡ ಎಂದೆ. ಅವನು ತಿಳಿಸಲಿಲ್ಲ. ಅವನ ಮೇಲೆ ಕೋಪ ಮಾಡಿಕೊಳ್ಳಬೇಡ.

ಯಾಕೆ ನಿಲ್ಲಿಸಿದೆ ಎಂದು ಕೇಳುತ್ತೀಯ. ದೊಡ್ಡ ಕಾರಣವೇನೂ ಇರಲಿಲ್ಲ. ವಾರಕ್ಕೆ ಮೂರು ದಿನ ಆ ಕುರ್ಚಿ, ಹೋಗಿಬರಲು ಆ ಮಂಜಿನ ದಾರಿ, ಬಂದ ಮೇಲೆ ಕಾಲಿನ ಸೆಳೆತ, ಸೆಳೆತ ಇಳಿಯುವಷ್ಟರಲ್ಲಿ ಮತ್ತೆ ಕುರ್ಚಿ. ಒಂದು ಸೋಮವಾರ ಬೆಳಿಗ್ಗೆ ಓಟ್ಸ್ ಗಂಜಿ ಬಡಿಸುತ್ತ, 'ಆಲ್ಡೆನ್, ನಾನಿನ್ನು ಹೋಗಲ್ಲ' ಎಂದೆ.

ಅವನು ಚಮಚ ಕೆಳಗಿಟ್ಟ. ನನ್ನ ಮುಖ ನೋಡಿದ. 'ಇವತ್ತು ಹೋಗಲ್ವೋ, ಇನ್ಮೇಲೆ ಹೋಗಲ್ವೋ?' ಎಂದು ಕೇಳಿದ.

ಇನ್ನು ಮೇಲೆ ಎಂದೆ.

'ಜೀವ ನಿಂದು, ಥೆಡಾ. ನಿರ್ಧಾರ ಕೂಡ ನಿಂದೇ. ನೀನು ಏನ್ ಮಾಡಿದ್ರೂ ನಾನ್ ಜೊತೇಲಿರ್ತೀನಿ' ಎಂದ.

ಆ ಗಳಿಗೆಯಲ್ಲಿ ನನಗೆ ಅವನ ಬಗ್ಗೆ ಹೆಮ್ಮೆ ಎನಿಸಿತ್ತು, ನಿಜ ಹೇಳುತ್ತೇನೆ.

ನಿನ್ನ ಕಾಗದದಲ್ಲಿ ನೀನು ತಮಾಷೆಗೆ ಕೇಳಿದ್ದೆ: 'ನಿಮ್ಮ ಲಿಬರ್ಟೇರಿಯನ್‌ಗಳಲ್ಲಿ ಒಬ್ಬರಾದರೂ ಆಡಿದಂತೆ ಬದುಕುತ್ತಾರಾ?' ಓಹಾಯೋ ಬಿಟ್ಟು ನಾವು ಇಲ್ಲಿಗೆ ಬಂದಾಗಿನಿಂದ ನೀನು ಇದನ್ನೇ ಕೇಳುತ್ತ ಬಂದಿದ್ದೀಯ. ಯಾರೂ ಯಾರನ್ನೂ ಬಲವಂತ ಮಾಡಬಾರದು, ನನ್ನ ದೇಹ ನನ್ನದು, ನನ್ನ ದುಡಿಮೆ ನನ್ನದು, ಸರ್ಕಾರ ದೂರವಿರಲಿ ಎಂದು ನಂಬಿ ಬಂದವರು ನಾವು. ಅಂಥ ಹತ್ತು ಹನ್ನೆರಡು ಜನ ಪ್ರತಿ ಗುರುವಾರ ಮರ್ಲ್ ಪೆಲ್ಕಿಯ ಕೊಟ್ಟಿಗೆಯಲ್ಲಿ, ಅವನು ಮೇಪಲ್ ಮರದ ರಸ ಕುದಿಸಿ ಪಾಕ ಮಾಡುವ ಆ ದೊಡ್ಡ ಒಲೆಯ ಪಕ್ಕ, ಸೇರಿ ಊಟ ಮಾಡುತ್ತೇವೆ. ಮಾಡುತ್ತಿದ್ದೆವು.

ಮರ್ಲ್‌ನನ್ನು ನೀನು ಒಮ್ಮೆ ನೋಡಿದ್ದೀಯ. ಟ್ರಕ್ಕಿನ ಹಿಂದೆ, 'ನನ್ನನ್ನು ತುಳಿಯಬೇಡ' ಎಂದು ಬರೆದ ಹಾವಿನ ಚಿತ್ರದ ಹಳದಿ ಬಾವುಟ ಕಟ್ಟಿಕೊಂಡು ನಿನ್ನನ್ನು ಬಸ್ಸಿನಿಂದ ಕರೆತಂದವನು, ದಾರಿಯುದ್ದಕ್ಕೂ ತೆರಿಗೆಯನ್ನು ಬೈಯುತ್ತ ಬಂದವನು. ಊರಿನ ಖರ್ಚಿಗೆ ಮತ ಹಾಕುವ ಮಾರ್ಚ್‌ನ ಊರಸಭೆಯಲ್ಲಿ ಲೈಬ್ರರಿಗೆ ಹಣ ಬೇಡ, ಶಾಲೆಯ ಚಾವಣಿಗೆ ಬೇಡ, ಆಂಬುಲೆನ್ಸಿಗೆ ಬೇಡ ಎಂದು ಎಲ್ಲಕ್ಕೂ ಮೊದಲು ಕೈ ಎತ್ತುವವನು ಅವನೇ. ಆದರೆ ಅವನ ಓಣಿಯ ಹಿಮ ಬೆಳಗಾಗುವುದರೊಳಗೆ ಗುಡಿಸಿರದಿದ್ದರೆ ಊರಕಚೇರಿಗೆ ಮೊದಲು ಫೋನ್ ಹೋಗುವುದೂ ಅವನ ಮನೆಯಿಂದ. ಹೊಸ ಒಲೆಗೆ ರಾಜ್ಯ ಸರ್ಕಾರದ ಸಹಾಯಧನ ತೆಗೆದುಕೊಂಡ. ಪಕ್ಕದ ಜಮೀನಿನವರು ಹಳೆಯ ಟ್ರೇಲರ್ ತಂದು ನಿಲ್ಲಿಸಿದಾಗ ನೋಟ ಕೆಡುತ್ತದೆಂದು ಅರ್ಜಿ ಬರೆದು ತೆಗೆಸಿದ. ನಾವೆಲ್ಲ ಅವನನ್ನು ಛೇಡಿಸುತ್ತಿದ್ದೆವು. 'ಹಾಗಲ್ಲ, ಅದು ಬೇರೆ ವಿಷ್ಯ' ಎಂದು ಶುರುಮಾಡುತ್ತಿದ್ದ. ಪ್ರತಿಸಲವೂ ಅದು ಬೇರೆ ವಿಷಯವೇ.

ಆಲ್ಡೆನ್ ಹಾಗಲ್ಲ. ಅವನ ಮರಗೆಲಸದ ಯಂತ್ರವನ್ನು ಯಾರೋ ಕದ್ದಾಗ ಅವನು ಪೊಲೀಸರನ್ನು ಕರೆಯಲಿಲ್ಲ. ತಾನೇ ಹೋಗಿ ಕದ್ದವನ ಜೊತೆ ಕೂತು ಮಾತಾಡಿ ಬಂದ. ವಯಸ್ಸಾದ ಮೇಲೆ ಸರ್ಕಾರದಿಂದ ಬರುವ ಪಿಂಚಣಿಗೆ ಅವನು ಅರ್ಜಿಯನ್ನೇ ಹಾಕಲಿಲ್ಲ. ನನ್ನ ಡಯಾಲಿಸಿಸ್ ಖರ್ಚು ಸರ್ಕಾರದ್ದೇ. ಅದು ಗುರುವಾರದವರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿಬಿಡುತ್ತಿರಲಿಲ್ಲ. ಶುರುವಿನಲ್ಲಿ ನಾನೇ ಅವನನ್ನು ಕೇಳಿದ್ದೆ, ತೆಗೆದುಕೊಳ್ಳಲಾ ಎಂದು. 'ನಾನಾಗಿದ್ರೆ ತಗೊಳ್ತಿರಲಿಲ್ಲ. ಆದ್ರೆ ನೀನು ನಾನಲ್ಲ' ಎಂದಿದ್ದ. ಆಮೇಲೆ ಎಂದೂ ಆ ಮಾತು ಎತ್ತಲಿಲ್ಲ. ವಾರಕ್ಕೆ ಮೂರು ಸಲ, ಹಿಮ ಬೀಳಲಿ ಬಿಡಲಿ, ಕಾರು ಬೆಚ್ಚಗೆ ಮಾಡಿ ಕೂರಿಸಿ ಕರೆದುಕೊಂಡು ಹೋಗುತ್ತಿದ್ದ.

ಆದ್ದರಿಂದ ನಿನ್ನ ಪ್ರಶ್ನೆಗೆ ಉತ್ತರ ಹೌದು, ಕ್ಲಾರಿಸ್. ಒಬ್ಬರಾದರೂ ಇದ್ದಾರೆ. ನಾನು ಅವನ ಮನೆಯಲ್ಲಿದ್ದೇನೆ.

ನಾನು ನಿಲ್ಲಿಸಿದ ಮೇಲೆ ಅವನು ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿದ. ಡಯಾಲಿಸಿಸ್ ಕೇಂದ್ರಕ್ಕೆ ಫೋನ್ ಮಾಡಿ ಇವಳು ಬರುವುದಿಲ್ಲ, ಕಾಯಬೇಡಿ ಎಂದ. ನನ್ನ ಮಂಚವನ್ನು ಒಲೆಯಿರುವ ಕೋಣೆಗೆ ತಂದು, ಕಿಟಕಿ ಕಾಣುವ ಹಾಗೆ ಹಾಕಿದ. ನೋವಿಗೆ ಔಷಧಿ ಕೊಡಲು ಒಬ್ಬ ನರ್ಸನ್ನು ಗೊತ್ತುಮಾಡಿದ. ಹಿತ್ತಲ ದಿಬ್ಬದ ಮೇಲೆ ಎಲ್ಲಿ ಹೂಳಬೇಕು ಎಂದು ಕೇಳಿದ. ಸೇಬಿನ ಮರದ ಪಕ್ಕ ಎಂದೆ. ಆಮೇಲೆ, ಸೂಪ್ ಕುಡಿಸುತ್ತ, ಶವಪೆಟ್ಟಿಗೆಗೆ ಯಾವ ಮರ ಆಗಬಹುದು ಎಂದು ಕೇಳಿದ. ಪೈನ್ ಸಾಕು, ಓಕ್ ಹೊರುವವರಿಗೆ ಭಾರ ಎಂದೆ. ಇಬ್ಬರೂ ಸ್ವಲ್ಪ ನಕ್ಕೆವು. ಮರುದಿನದಿಂದ ನಮ್ಮ ಕೊಟ್ಟಿಗೆಯಲ್ಲಿ ಅವನು ಹಲಗೆ ಕೆತ್ತುವ ಸದ್ದು ಕೇಳುತ್ತಿತ್ತು. ಒಳ್ಳೆಯ ಕೆಲಸಗಾರನ ಸದ್ದು, ಒಂದೇ ಲಯ. ಅದನ್ನು ಕೇಳುತ್ತ ನಿದ್ದೆ ಹೋಗುತ್ತಿದ್ದೆ.

ನನ್ನ ಕಾಲು ಊದಿಕೊಂಡವು. ಬಾಯಲ್ಲಿ ಕಬ್ಬಿಣದ ರುಚಿ. ಹೆದರಿಕೆಯಾಗಲಿಲ್ಲ, ಏನೂ ಅನ್ನಿಸಲಿಲ್ಲ.

ಆಗ ಮರ್ಲ್ ಬಂದ. ಗುರುವಾರದ ಊಟಕ್ಕೆ ನಾವು ಯಾಕೆ ಬರಲಿಲ್ಲ ಎಂದು ಕೇಳಲು ಬಂದವನು, ಕೊಟ್ಟಿಗೆಯಲ್ಲಿ ಆಲ್ಡೆನ್ ಮಾಡುತ್ತಿದ್ದುದನ್ನು ನೋಡಿದ್ದಾನೆ. ಬೂಟು ಕೂಡ ಬಿಚ್ಚದೆ ಒಳಗೆ ನುಗ್ಗಿದ.

'ತಲೆ ನೆಟ್ಟಗಿದ್ಯಾ ನಿಮ್ಮಿಬ್ರಿಗೂ?' ಎಂದ.

ಆಲ್ಡೆನ್ ಅವನಿಗೆ ಸಮಾಧಾನವಾಗಿಯೇ ವಿವರಿಸಿದ. ಇದು ಥೆಡಾಳ ದೇಹ, ಥೆಡಾಳ ಮಾತು, ಇಪ್ಪತ್ತು ವರ್ಷ ಒಟ್ಟಿಗೆ ಕೂತು ನಾವು ಹೇಳಿಕೊಂಡು ಬಂದದ್ದು ಇದನ್ನೇ ಎಂದ. ಮರ್ಲ್ ತಲೆ ಕೊಡವಿದ. 'ಹಾಗಲ್ಲ, ಅದು ಬೇರೆ ವಿಷ್ಯ' ಎಂದ. ಆಲ್ಡೆನ್ ಹೇಗೆ ಬೇರೆ ಎಂದು ಕೇಳಿದ. ಮರ್ಲ್ ಬಾಗಿಲು ಬಡಿದು ಹೋದ.

ಸಂಜೆಯೊಳಗೆ ಅಂಗಳದಲ್ಲಿ ಷೆರಿಫ್ ಕಚೇರಿಯ ಕಾರು ನಿಂತಿತ್ತು. ಮರ್ಲ್ ದೂರು ಕೊಟ್ಟಿದ್ದ, ಈ ಮನೆಯಲ್ಲಿ ಬುದ್ಧಿ ಸ್ಥಿಮಿತದಲ್ಲಿಲ್ಲದ ಹೆಂಗಸೊಬ್ಬಳು ಸಾಯುತ್ತಿದ್ದಾಳೆ, ಗಂಡ ನೋಡುತ್ತ ಕೂತಿದ್ದಾನೆ ಎಂದು. ನಿನಗೆ ಇದರ ತೂಕ ಗೊತ್ತಾಗಲಿಕ್ಕಿಲ್ಲ. ನಮ್ಮವರಲ್ಲಿ ನೆರೆಯವನ ಮನೆಗೆ ಪೊಲೀಸರನ್ನು ಕಳಿಸುವುದಕ್ಕಿಂತ ಹೀನ ಕೆಲಸ ಇನ್ನೊಂದಿಲ್ಲ.

ಬಂದ ಅಧಿಕಾರಿ ಚಿಕ್ಕ ವಯಸ್ಸಿನ ಹುಡುಗಿ. ಟೋಪಿ ತೆಗೆದು ಮಂಚದ ಪಕ್ಕ ಕೂತಳು. ಇವತ್ತು ಯಾವ ವಾರ, ನಿಮ್ಮ ಹೆಸರೇನು, ಇದನ್ನು ನಿಲ್ಲಿಸಿದರೆ ಏನಾಗುತ್ತದೆ ಗೊತ್ತೇ ಎಂದು ಕೇಳಿದಳು. ಎಲ್ಲಕ್ಕೂ ಉತ್ತರ ಕೊಟ್ಟೆ. ಯಾರಾದರೂ ಒತ್ತಾಯ ಮಾಡಿದ್ದಾರಾ ಎಂದಳು.

'ಇಲ್ಲಮ್ಮ. ಈ ಮನೇಲಿ ಯಾರೂ ಯಾರ್ಗೂ ಒತ್ತಾಯ ಮಾಡಲ್ಲ' ಎಂದೆ.

ಅವಳು ಎದ್ದು, ಕಾನೂನಿನ ಪ್ರಕಾರ ನಾವು ಮಾಡುವಂಥದ್ದು ಏನೂ ಇಲ್ಲ, ಕ್ಷಮಿಸಿ ಎಂದು ಆಲ್ಡೆನ್‌ಗೆ ಹೇಳಿ ಹೊರಟಳು. ಸರ್ಕಾರ ಬಂದು ನಮ್ಮ ಸಿದ್ಧಾಂತವನ್ನು ಒಪ್ಪಿಕೊಂಡು ಹೋಯಿತು. ಆಲ್ಡೆನ್ ಅವಳಿಗೆ ಒಂದು ಬಾಟಲಿ ಸೇಬಿನ ರಸ ಕೊಟ್ಟು ಕಳಿಸಿದ.

ಮಾರನೆಯ ಬೆಳಿಗ್ಗೆ ಮತ್ತೆ ಮರ್ಲ್. ಈ ಸಲ ಬೂಟು ಬಿಚ್ಚಿ, ಒಂದು ಕಾಲುಚೀಲದ ತೂತಿನಲ್ಲಿ ಹೆಬ್ಬೆರಳು ತೋರಿಸಿಕೊಂಡು ಬಂದು ಮಂಚದ ಹತ್ತಿರ ನಿಂತ. ಗಡ್ಡ ಒದ್ದೆಯಾಗಿತ್ತು. ಹೊರಗೆ ಮಂಜು ಬೀಳುತ್ತಿದೆಯೇನೋ ಎಂದುಕೊಂಡೆ. ಬೀಳುತ್ತಿರಲಿಲ್ಲ.

'ನಂಗೆ ವಾದ ಮಾಡೋಕೆ ಬರಲ್ಲ ಥೆಡಾ. ಅವ್ನು ಹೇಳೋದೆಲ್ಲ ಸರಿ, ನಾನ್ ಹೇಳೋದೆಲ್ಲ ತಪ್ಪು, ಒಪ್ಕೊಂಡೆ. ಟ್ರಕ್ ಬಿಸಿ ಮಾಡಿಟ್ಟಿದೀನಿ. ಎದ್ದೇಳು' ಎಂದ.

ನಾನು ಏಳದಿದ್ದರೆ ಏನು ಮಾಡುತ್ತೀಯ ಎಂದೆ.

'ಎತ್ಕೊಂಡು ಹೋಗ್ತೀನಿ. ಬೇಕಾದ್ರೆ ಆಮೇಲೆ ನನ್ ಮೇಲೆ ಕೇಸ್ ಹಾಕು' ಎಂದ. ಆಮೇಲೆ ಆ ದಪ್ಪ ಮನುಷ್ಯ ಕುರ್ಚಿಯಲ್ಲಿ ಕೂತು ಮುಖ ಮುಚ್ಚಿಕೊಂಡು ಅತ್ತ. ಅಳುತ್ತ, ನೀನಿಲ್ಲದೆ ಗುರುವಾರ ನನಗೆ ಬೈಯುವವರು ಯಾರು ಎಂದ.

ನಾನು ಎದ್ದೆ. ಯಾಕೆ ಎದ್ದೆ ಎಂದು ಇನ್ನೂ ಸರಿಯಾಗಿ ಗೊತ್ತಿಲ್ಲ. ಆಲ್ಡೆನ್ ನನ್ನ ಕೋಟು ತಂದು ತೊಡಿಸಿದ, ತೋಳು ಹಿಡಿದು ಮೆಟ್ಟಿಲಿಳಿಸಿದ. ಟ್ರಕ್ಕಿನ ಬಾಗಿಲು ಹಿಡಿದುಕೊಂಡು ಕಾಲಿಗೆ ಕಂಬಳಿ ಹೊದಿಸಿದ. ಏನಾದರೂ ಹೇಳುತ್ತಾನೆಂದು ನೋಡಿದೆ. 'ಇದೂ ನಿನ್ನ ನಿರ್ಧಾರವೇ' ಎಂದ. ಅವನ ಕೈಯಲ್ಲಿ ಪೈನ್ ವಾಸನೆಯಿತ್ತು.

ಇನ್ನು ಮರ್ಲ್‌ನ ವಿಚಾರಣೆಯ ಕಥೆ ಕೇಳು, ನಿನಗೆ ನಗು ಬರಬಹುದು. ನಾನು ಓಡಾಡುವಷ್ಟಾದ ಮೇಲಿನ ಮೊದಲ ಗುರುವಾರ, ಎಲ್ಲರೂ ಅವನ ಕೊಟ್ಟಿಗೆಯಲ್ಲಿ ಸೇರಿದ್ದೆವು. ಮೇಪಲ್ ರಸ ಕುದಿಯುತ್ತಿತ್ತು, ಹಬೆಯಲ್ಲಿ ಒಬ್ಬರ ಮುಖ ಒಬ್ಬರಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಹೋದ ವರ್ಷ ಟೆಕ್ಸಾಸ್‌ನಿಂದ ಬಂದ ಪ್ರೆಸ್ಟನ್ ಎಂಬವನು ಎದ್ದು ನಿಂತು, ಮರ್ಲ್ ನೆರೆಯವನ ಮೇಲೆ ಸರ್ಕಾರದ ಬಲ ಪ್ರಯೋಗಿಸಿದ್ದಾನೆ, ಇಂಥವನ ಜೊತೆ ಊಟ ಮಾಡಬೇಕೇ ಎಂದು ಎಲ್ಲರೂ ತೀರ್ಮಾನಿಸಲಿ ಎಂದ. ನಾನು ಅಲ್ಲೇ, ಅವನ ಎದುರಿಗೇ, ಬೀನ್ಸ್ ಕಾಳು ತಿನ್ನುತ್ತ ಕೂತಿದ್ದೆ. ಪಾಪ, ಅವನು ನನ್ನತ್ತ ತಿರುಗಿ, ನೀವು ಹುಷಾರಾಗಿರುವುದು ನಮಗೆಲ್ಲ ಸಂತೋಷವೇ, ಇದು ತತ್ವದ ಪ್ರಶ್ನೆ ಅಷ್ಟೆ ಎಂದೂ ಹೇಳಿದ. ಮರ್ಲ್ ಸಹಾಯಧನ ತೆಗೆದುಕೊಂಡಾಗ, ಟ್ರೇಲರ್ ತೆಗೆಸಿದಾಗ ನಕ್ಕು ಸುಮ್ಮನಿದ್ದವರೆಲ್ಲ ಈಗ ಬೇಡ ಎಂದು ಕೈ ಎತ್ತಿದರು. ಆಲ್ಡೆನ್ ಕೂಡ ಎತ್ತಿದ. ಎತ್ತಲೇಬೇಕಿತ್ತು, ಅವನು ಅವನೇ ಆಗಿರಬೇಕಿದ್ದರೆ.

ಆಗ ಒಂದು ತೊಡಕು ಬಂತು. ಮರ್ಲ್‌ನನ್ನು ಹೊರಗೆ ಹಾಕೋಣವೆಂದರೆ ಕೊಟ್ಟಿಗೆ ಮರ್ಲ್‌ನದು. ಅವನ ಖಾಸಗಿ ಆಸ್ತಿಯಿಂದ ಅವನನ್ನೇ ಹೊರಗೆ ಹಾಕುವ ಹಕ್ಕು ಯಾರಿಗಿದೆ? ಇದರ ಮೇಲೆ ಬಹಳ ಹೊತ್ತು ಚರ್ಚೆ ನಡೆಯಿತು. ಕೊನೆಗೆ ಅವರೇ ಹೊರಗೆ ಹೋಗುವುದೆಂದು ಒಪ್ಪಂದವಾಗಿ, ತಂತಮ್ಮ ಪಾತ್ರೆಗಳನ್ನು ಎತ್ತಿಕೊಂಡು ಒಬ್ಬೊಬ್ಬರಾಗಿ ಹೊರಟರು. ಆಲ್ಡೆನ್ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದ. ಬಾ ಎನ್ನಲಿಲ್ಲ. ನಾನು ತಟ್ಟೆ ಮುಗಿಸಿ ಬರುತ್ತೇನೆ ಎಂದೆ.

ಮರ್ಲ್ ನೊರೆ ತೆಗೆಯುತ್ತ ಬೆನ್ನು ಮಾಡಿ ನಿಂತಿದ್ದ. 'ಬೀನ್ಸ್‌ಗೆ ಉಪ್ಪು ಜಾಸ್ತಿ ಆಗಿತ್ತಾ?' ಎಂದು ಕೇಳಿದ. ಸರಿಯಾಗಿಯೇ ಇದೆ ಎಂದೆ.

ಈಗ ಗುರುವಾರದ ಊಟ ಪ್ರೆಸ್ಟನ್ ಮನೆಯಲ್ಲಿ. ಆಲ್ಡೆನ್ ಹೋಗುತ್ತಾನೆ. ನಾನು ಹೋಗುವುದಿಲ್ಲ, ಡಯಾಲಿಸಿಸ್ ಆದ ಮರುದಿನ ಸುಸ್ತು ಎಂದಿದ್ದೇನೆ. ಸುಸ್ತು ನಿಜವೇ. ಮೊನ್ನೆಯ ಊರಸಭೆಯಲ್ಲಿ ಆಂಬುಲೆನ್ಸಿನ ಹಣಕ್ಕೆ ಮರ್ಲ್ ಈ ಸಲವೂ ಬೇಡ ಎಂದೇ ಕೈ ಎತ್ತಿದನಂತೆ. ಅವನು ಬದಲಾಗಿದ್ದಾನೆಂದು ನೀನು ತಿಳಿದುಕೊಳ್ಳಬಾರದು ಎಂದು ಬರೆದೆ.

ನನ್ನ ಪೆಟ್ಟಿಗೆ ನಮ್ಮ ಕೊಟ್ಟಿಗೆಯ ಅಟ್ಟದ ಮೇಲಿದೆ. ಮೂಲೆಗಳ ಜೋಡಣೆ ಬಹಳ ಚೆನ್ನಾಗಿ ಬಂದಿದೆ, ಮೊಳೆಯೇ ಇಲ್ಲ.

ನಿನ್ನ ಮೊಣಕಾಲು ನೋಡಿಕೋ, ಮಂಜಿನಲ್ಲಿ ಒಬ್ಬಳೇ ನಡೆಯಬೇಡ. ಡೀನ್‌ಗೂ ಪುಟ್ಟ ಮರಿಯೆಟ್‌ಗೂ ದೊಡ್ಡಮ್ಮನ ಮುತ್ತುಗಳು. ಅವರು ಹೋದಲ್ಲೆಲ್ಲ ಅವರಿಗೆ ಬೆಚ್ಚಗಿನ ಮನೆ ಸಿಗಲಿ, ಬಾಗಿಲಲ್ಲಿ ಅವರಿಗಾಗಿ ಯಾರಾದರೂ ಕಾದು ನಿಂತಿರಲಿ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ಥೆಡಾ

ಮರೆತ ಮಾತು: ಮರೆತಿರಲಿಲ್ಲ, ಬರೆಯುವುದೋ ಬೇಡವೋ ಎಂದು ಲಕೋಟೆಯನ್ನು ಅಂಟಿಸದೆ ಇಟ್ಟಿದ್ದೆ. ನಿನ್ನೆ ಡಯಾಲಿಸಿಸ್ ಮುಗಿಸಿ ಬರುವಾಗ ಕಾರಿನಲ್ಲಿ ಆಲ್ಡೆನ್‌ನನ್ನು ಕೇಳಿದೆ, ಒಂದು ಸಲವಾದರೂ ನನಗೆ ಬಿಟ್ಟುಹೋಗಬೇಡ, ಉಳಿ ಎನ್ನಬೇಕೆಂದು ನಿನಗೆ ಅನ್ನಿಸಲಿಲ್ಲವೇ ಎಂದು. ಅವನು ರಸ್ತೆಯ ಕೆಸರುಗುಂಡಿಯೊಂದನ್ನು ಬಳಸಿ ಕಾರು ತಿರುಗಿಸಿದ. ಆಮೇಲೆ, 'ಅಂದಿದ್ರೆ ನೀನು ನನಗೋಸ್ಕರ ಉಳೀತಿದ್ದೆ. ಆಗ ಅದು ನಿನ್ನ ನಿರ್ಧಾರ ಆಗ್ತಿರಲಿಲ್ಲ' ಎಂದ. ಅವನು ಹೇಳಿದ್ದು ಸರಿ, ಕ್ಲಾರಿಸ್. ಉಳಿಯುತ್ತಿದ್ದೆ. ನಾನು ಹಾಸಿಗೆ ಹಿಡಿದಿದ್ದ ಆ ದಿನಗಳಲ್ಲಿ ಬೆಳಿಗ್ಗೆ ಅವನ ಹೆಜ್ಜೆ ಸದ್ದು ಕೇಳಿದೊಡನೆ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ನಿದ್ದೆಯಲ್ಲಿರುವವಳಿಗೆ ಆ ಮಾತು ಹೇಳುವುದು ಅವನಿಗೆ ಸುಲಭವಾಗಬಹುದು ಎಂದು. ಅವನು ಮಂಚದ ಪಕ್ಕ ಸ್ವಲ್ಪ ಹೊತ್ತು ನಿಲ್ಲುತ್ತಿದ್ದ, ಅವನ ಉಸಿರು ಕೇಳುತ್ತಿತ್ತು. ಆಮೇಲೆ ಒಲೆಗೆ ಎರಡು ಸೌದೆ ಇಟ್ಟು, ಸದ್ದಾಗದಂತೆ ಬಾಗಿಲು ಎಳೆದುಕೊಂಡು ಹೋಗುತ್ತಿದ್ದ.