ಬಾಯಿ ನಮ್ಮದು, ಚಿತ್ರ ನಿಮ್ಮದು

ಮಾತಿನ ಚಿಕಿತ್ಸಾ ಕೇಂದ್ರದ ಮಾನ್ಯ ನಿರ್ದೇಶಕರೇ,

ನನ್ನ ಗಂಡನ ಬಾಯಿಯನ್ನು ನಾನು ಕದ್ದಿದ್ದೇನೆಂದು ನಿಮ್ಮ ಕಚೇರಿ ನೋಟಿಸ್ ಕಳಿಸಿದೆ. ಹಕ್ಕುಸ್ವಾಮ್ಯದ ಉಲ್ಲಂಘನೆಯಂತೆ. ಆ ಬಾಯಿ ನಿಮ್ಮದಾದದ್ದು ಯಾವಾಗ ಎಂದು ನಾಲ್ಕು ಜನರೆದುರೇ ಕೇಳೋಣವೆಂದು ಈ ಬಹಿರಂಗ ಪತ್ರ.

ನಮ್ಮವರು ದರ್ಜಿ. ಪಾರ್ಶ್ವವಾಯು ಹೊಡೆದು ಮಾತು ಹೋದಾಗ ನಿಮ್ಮಲ್ಲಿಗೇ ಕರೆತಂದೆ. 'ಪ' ಅನ್ನಲು ತುಟಿ ಹೇಗೆ ಕೂಡಬೇಕು, 'ಲ' ಅನ್ನಲು ನಾಲಿಗೆ ಎಲ್ಲಿ ತಾಗಬೇಕು ಎಂದು ನಿಮ್ಮವರು ತಾಳ್ಮೆಯಿಂದ ಕಲಿಸಿದರು. ಮಾತು ಮರಳಿತು. ಆಗ ನೀವೇ ಬಂದು ಕೇಳಿದಿರಿ: "ಒಂದೊಂದು ಅಕ್ಷರಕ್ಕೂ ನಿಮ್ಮ ಬಾಯಿಯ ಫೋಟೋ ತಗೋಬಹುದಾ? ವೆಬ್‌ಸೈಟಿಗೆ ಹಾಕ್ತೀವಿ, ಬೇರೆ ರೋಗಿಗಳಿಗೆ ಉಪಯೋಗ ಆಗುತ್ತೆ." ಇವರು ಮೀಸೆ ಬೋಳಿಸಿಕೊಂಡು ಬಂದು ಕೂತರು. ಮದುವೆಗೂ ತೆಗೆಯದಿದ್ದ ಮೀಸೆ, ಸ್ವಾಮಿ.

ಹೋದ ಚಳಿಗಾಲ ಮತ್ತೆ ಹೊಡೆಯಿತು, ಮತ್ತೆ ಮಾತು ಹೋಯಿತು. ಈ ಸಲ ಕೇಂದ್ರದವರೆಗೆ ಬರುವಷ್ಟು ಕಾಲಿಗೂ ಬಲವಿಲ್ಲ. ರೋಗಿಗಳಿಗೆಂದು ನೀವು ಕೊಟ್ಟ ಖಾತೆಯಿಂದ ನಿಮ್ಮ ವೆಬ್‌ಸೈಟಿನ ಆ ಪುಟಗಳನ್ನು ತೆರೆದೆ. ನೋಡಬಹುದಂತೆ, ಉಳಿಸುವಂತಿಲ್ಲ, ಮುದ್ರಿಸುವಂತಿಲ್ಲ. ಸ್ವಲ್ಪ ಹೊತ್ತಿಗೆ ಪುಟ ತಾನೇ ಮುಚ್ಚಿಕೊಳ್ಳುತ್ತದೆ. ಇವರು ತುಟಿ ಕೂಡಿಸುವಷ್ಟರಲ್ಲಿ ಪರದೆಯ ಮೇಲಿನ ತುಟಿ ಮಾಯ. ಪಾರ್ಶ್ವವಾಯು ಆದವರು ಅಷ್ಟು ಚುರುಕಾಗಿರಬೇಕೆಂದು ನಿಮಗೆ ಹೇಳಿದ ಪಂಡಿತರು ಯಾರು? ನಾನು ತಂಗಿಯ ಫೋನಿನಲ್ಲಿ ಪರದೆಯ ಫೋಟೋ ತೆಗೆದು, ಮುದ್ರಿಸಿ, ಹೊಲಿಗೆ ಯಂತ್ರದ ಎದುರಿನ ಗೋಡೆಗೆ ಅಂಟಿಸಿದೆ. ಇದೇ ಕಾಯಿಲೆಯಾದ ಬೇಕರಿಯವರಿಗೂ ಒಂದು ಪ್ರತಿ ಕೊಟ್ಟೆ. ಅವರ ಹೆಂಡತಿ, ಪಾಪ, ಅದನ್ನು ನಿಮ್ಮ ಕೇಂದ್ರಕ್ಕೇ ತಂದು ಹೊಗಳಿ ತೋರಿಸಿದರು. ಮರುದಿನವೇ ನಮ್ಮ ಖಾತೆ ಬಂದ್.

ಫೋನ್ ಮಾಡಿದರೆ ನಿಮ್ಮ ಗುಮಾಸ್ತರು, "ಆ ಚಿತ್ರ ಸಂಸ್ಥೆಯದಮ್ಮಾ" ಅಂದರು.

"ಬಾಯಿ ನಮ್ಮನೆಯವರದಪ್ಪಾ" ಅಂದೆ.

"ಬಾಯಿ ನೀವೇ ಇಟ್ಕೊಳ್ಳಿ. ಚಿತ್ರ ಇಟ್ಕೋಬೇಡಿ."

ನಗು ಬರಬೇಕಿತ್ತು, ಬರಲಿಲ್ಲ. ಪಕ್ಕದಲ್ಲೇ ಕೇಳಿಸಿಕೊಳ್ಳುತ್ತಿದ್ದ ಇವರು ಎದ್ದು ಹೋಗಲಾರದೆ ಮುಖ ಆಚೆ ತಿರುಗಿಸಿದರು. ನೀವು ಇವರಿಗೆ ಮಾತು ಕೊಟ್ಟಿದ್ದಿರಿ, ಎರಡೂ ಅರ್ಥದಲ್ಲಿ. ಒಂದನ್ನು ಕಾಯಿಲೆ ಕಿತ್ತುಕೊಂಡಿತು. ಇನ್ನೊಂದನ್ನು ನೀವು.

ಆ ಪುಟಗಳನ್ನು ಯಾರು ಬೇಕಾದರೂ ತೆರೆದು, ಉಳಿಸಿ, ಮುದ್ರಿಸಿಕೊಳ್ಳುವಂತೆ ಮಾಡಿ. ಇಲ್ಲವಾದರೆ ನಮ್ಮವರ ಚಿತ್ರಗಳನ್ನು ಅಲ್ಲಿಂದ ಕಿತ್ತುಹಾಕಿ. ಇಷ್ಟು ಬರೆದು ಇವರಿಗೆ ಓದಿ ಹೇಳಿದೆ. ಕೊನೆಯ ಮಾತಿಗೆ ಕೈ ಅಡ್ಡ ಆಡಿಸಿದರು. ತುಂಬ ಹೊತ್ತು ತಿಣುಕಿ, "ಇ...ರ್ಲಿ" ಎಂದರು. ಮತ್ತೂ ತಿಣುಕಿ, "ಬೇರೆ...ಯವ್ರಿಗೆ."

ಆದ್ದರಿಂದ ಎರಡನೆಯ ಬೇಡಿಕೆಯನ್ನು ಕೈಬಿಟ್ಟಿದ್ದೇನೆ. ಮೊದಲನೆಯದನ್ನು ಬಿಡುವುದಿಲ್ಲ.

ಇಂತಿ,
ಅನುಮತಿ ಕೇಳದೆ ಗಂಡನ ಚಿತ್ರ ಇಟ್ಟುಕೊಂಡ ಹೆಂಡತಿ